ಬಾಯಿ ಬರದ ಬ್ಯಾರಿಸ್ಟರ್ ಬೆಳಗಾವಿಯ ಅಧ್ಯಕ್ಷರಾದ ಕಥೆ

ಟಿಳಕವಾಡಿಯ ಕಾಂಗ್ರೆಸ್ ಬಾವಿಯ ಕಡೆಯಿಂದ ದಿನಾ ಓಡಾಡುವ ನಮಗೆಲ್ಲ 1924ರ ಡಿಸೆಂಬರ್ ಅಧಿವೇಶನದ ಸಂಗತಿ ಗೊತ್ತೇ ಇದೆ. ಗಾಂಧೀಜಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಿದ್ದು ಜೀವಮಾನದಲ್ಲಿ ಅದೊಂದೇ ಸಲ, ಅದೂ ನಮ್ಮೂರಲ್ಲಿ. ಆದರೆ ಅದಕ್ಕೆ ಮೂವತ್ತು ವರ್ಷಕ್ಕೂ ಹಿಂದೆ ಇದೇ ಮನುಷ್ಯ ಮುಂಬಯಿ ಕೋರ್ಟಿನಲ್ಲಿ ಮಾತೇ ಹೊರಡದೆ ಕೂತುಬಿಟ್ಟಿದ್ದರು ಅಂದರೆ ನಂಬ್ತೀರೇನು?

ಅಂಜಿಕೆ ಅವರಿಗೆ ಹುಡುಗತನದಿಂದಲೂ ಇತ್ತು. ಯಾರಾದರೂ ಚೇಷ್ಟೆ ಮಾಡಿಯಾರೆಂದು ಸಾಲಿ ಬಿಟ್ಟ ಕೂಡಲೇ ಮನೆಗೆ ಓಡುತ್ತಿದ್ದರು. ಲಂಡನ್ನಿನಲ್ಲಿ ಓದುವಾಗ ಸಸ್ಯಾಹಾರಿಗಳ ಸಂಘದ ಕಮಿಟಿಯಲ್ಲಿದ್ದರು. ಒಂದು ದಿನ ತಮ್ಮ ಅಭಿಪ್ರಾಯ ಬರೆದುಕೊಂಡು ಹೋದರೂ ಓದುವ ಧೈರ್ಯ ಬರಲಿಲ್ಲ. ಬೇರೆಯವರು ಓದಬೇಕಾಯಿತು.

1891ರಲ್ಲಿ ಬ್ಯಾರಿಸ್ಟರ್ ಆಗಿ ಬಂದರು. ಮುಂಬಯಿಯ ಸ್ಮಾಲ್ ಕಾಸ್ ಕೋರ್ಟಿನಲ್ಲಿ ಮೊದಲ ಕೇಸು, ಫೀ 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತರೆ ತಲೆ ತಿರುಗಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕೇಸು ಬೇರೆ ವಕೀಲರ ಪಾಲಾಯಿತು. ಅವರು 51 ರೂಪಾಯಿ ತಗೊಂಡರು. ಆಮೇಲೆ 75 ರೂಪಾಯಿಯ ಮಾಸ್ತರಿಕೆಗೆ ಹೋದರೆ ಪದವಿ ಇಲ್ಲವೆಂದು ಅದೂ ಸಿಗಲಿಲ್ಲ. ಕೊನೆಗೆ ರಾಜಕೋಟೆಗೆ ಹೋಗಿ ಅರ್ಜಿ ಬರೆದು ಕೊಡುತ್ತ ಹೊಟ್ಟೆ ಹೊರೆದರು.

1893ರಲ್ಲಿ ದಾದಾ ಅಬ್ದುಲ್ಲಾ ಎಂಬ ವ್ಯಾಪಾರಿಯ ಕೇಸಿಗಾಗಿ ದಕ್ಷಿಣ ಆಫ್ರಿಕಕ್ಕೆ ಹೋದರು. ಅಲ್ಲಿ ಫಸ್ಟ್ ಕ್ಲಾಸ್ ಟಿಕೀಟು ಕೈಯಲ್ಲಿದ್ದರೂ ಕರಿಯನೆಂದು ರೈಲಿನಿಂದ ಇಳಿಸಿದ್ದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಆ ಕೇಸು ಪೂರಾ ಲೆಕ್ಕಪತ್ರದ್ದು, ಇವರಿಗೋ ಜಮಾಖರ್ಚಿನ ಗಂಧವಿಲ್ಲ. ಪ್ರಾಮಿಸರಿ ನೋಟು ಅಂದರೇನೆಂದೂ ಅರಿಯರು. ಹಾಗಂತ ತಿಳಿದವರಂತೆ ತಲೆ ಆಡಿಸಲಿಲ್ಲ, ನನ್ನ ಕೈಲಾಗದು ಅಂತ ವಾಪಸು ಬರಲೂ ಇಲ್ಲ. ಲೆಕ್ಕದ ಪುಸ್ತಕ ಕೊಂಡು ಕಲಿತರು. 40,000 ಪೌಂಡಿನ ಆ ವ್ಯಾಜ್ಯವನ್ನು ಪಂಚರ ಮುಂದಿಟ್ಟು ಬಗೆಹರಿಸಿದರು. ಸೋತ ಸೇಠರು ದಿವಾಳಿಯಾಗದಂತೆ ಕಂತು ಕಟ್ಟಲು ದಾದಾ ಅಬ್ದುಲ್ಲಾರನ್ನೂ ಒಪ್ಪಿಸಿದರು.

ಪ್ರಿಟೋರಿಯಾದಲ್ಲೇ ಭಾರತೀಯ ವ್ಯಾಪಾರಸ್ಥರನ್ನು ಸೇರಿಸಿ ಜೀವನದ ಮೊದಲ ಭಾಷಣ ಮಾಡಿದರು. ವಿಷಯ, ವ್ಯಾಪಾರದಲ್ಲಿ ಸತ್ಯ! ಇಂಗ್ಲಿಷ್ ಕಲಿಸುತ್ತೇನೆ ಎಂದಾಗ ಮುಂದೆ ಬಂದವರು ಮೂರೇ ಜನ: ಒಬ್ಬ ಕ್ಷೌರಿಕ, ಒಬ್ಬ ಗುಮಾಸ್ತ, ಒಬ್ಬ ಸಣ್ಣ ಅಂಗಡಿಯವ. ಬ್ಯಾರಿಸ್ಟರ್ ಸಾಹೇಬರೇ ಅವರಿದ್ದಲ್ಲಿಗೆ ಹೋಗಿ ಕಲಿಸಿದರು. ಅವರು ದಂಧೆಯಲ್ಲಿ ತೊಡಗಿದ್ದರೂ ಬೇಸರಿಸಲಿಲ್ಲ.

1894ರಲ್ಲಿ ನಟಾಲಿನ ಭಾರತೀಯರ ಮತದ ಹಕ್ಕು ಕಸಿಯುವ ಮಸೂದೆ ಬಂತು. ಊರಿಗೆ ಹೊರಟಿದ್ದವರು ಅಲ್ಲೇ ನಿಂತರು. ರಾಜಕೋಟೆಯಲ್ಲಿ ಹೊಟ್ಟೆಪಾಡಿಗೆ ಕಲಿತ ಅರ್ಜಿ ಬರೆಯುವ ವಿದ್ಯೆ ಈಗ ಕೆಲಸಕ್ಕೆ ಬಂತು. ವ್ಯಾಪಾರಿಗಳು ತಮ್ಮ ಖರ್ಚಿನಲ್ಲೇ ಊರೂರು ತಿರುಗಿ ಸುಮಾರು 10,000 ಸಹಿ ತಂದರು. ಅದೇ ವರ್ಷ ನಟಾಲ್ ಇಂಡಿಯನ್ ಕಾಂಗ್ರೆಸ್ ಹುಟ್ಟಿತು, ಗಾಂಧಿ ಕಾರ್ಯದರ್ಶಿಯಾದರು.

ಸಂಕೋಚವೇನೂ ಪೂರ್ತಿ ಹೋಗಲಿಲ್ಲ. ಅಳೆದು ಮಾತಾಡಲು ಅದೇ ಕಲಿಸಿತೆಂದು ಮುಂದೆ ತಾವೇ ಬರೆದುಕೊಂಡರು. ಅಂಜಿಕೆ ಹೋಗಲಿ, ಆಮೇಲೆ ಮುಂದಾಳು ಆಗೋಣ ಅಂತ ಅವರು ಕಾಯಲಿಲ್ಲ. ಬಾರದ್ದನ್ನು ಕಲಿತರು, ಮೂವರು ಸಿಕ್ಕರೆ ಮೂವರಿಂದಲೇ ಶುರು ಮಾಡಿದರು. ಸಂಘದ ಸಭೆಯಲ್ಲಿ ಎದ್ದು ನಿಲ್ಲಲು ಹಿಂಜರಿಯುವ ನಮ್ಮ ಪೇಟೆಯ ಹುಡುಗರು, ನಾಳೆ ಆ ಬಾವಿಯ ಕಡೆಯಿಂದ ಹೋಗುವಾಗ ಇದನ್ನೊಮ್ಮೆ ನೆನೆಯಲಿ.