ಉಸಿರಿನಲ್ಲಿ ಶ್ರದ್ಧೆ ಬೆರೆಸಿದ ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯ

1950ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆ ಬಾಗಿಲು ಮುಚ್ಚಿತು. ಹದಿನೇಳು ವರ್ಷ ಅದನ್ನು ನಡೆಸಿದ್ದ ಆಚಾರ್ಯರ ವಯಸ್ಸು ಆಗ ಅರವತ್ತು ದಾಟಿತ್ತು. ಆಶ್ರಯ ನೀಡಿದ್ದ ಮಹಾರಾಜರು ತೀರಿಕೊಂಡು ಹತ್ತು ವರ್ಷಗಳಾಗಿದ್ದವು, ರಾಜ್ಯವೇ ರಾಜರ ಕೈಯಿಂದ ಪ್ರಜೆಗಳ ಕೈಗೆ ಬಂದಿತ್ತು. ಆರು ಮಕ್ಕಳ ಸಂಸಾರ, ಕೂಡಿಟ್ಟ ಹಣವಿಲ್ಲ, ಬೇರೆ ವೃತ್ತಿಯಿಲ್ಲ. ಇಂಥ ಹೊತ್ತಿನಲ್ಲಿ ಬಹುತೇಕರು ನಿವೃತ್ತಿಯ ಮಾತಾಡುತ್ತಾರೆ. ತಿರುಮಲೈ ಕೃಷ್ಣಮಾಚಾರ್ಯರು ಮಾತ್ರ ಮರುದಿನದ ಬೆಳಗಿನ ಜಾವಕ್ಕೂ ಎಂದಿನಂತೆಯೇ ಎದ್ದು ಅಭ್ಯಾಸಕ್ಕೆ ಕುಳಿತವರು. ಮುಂದೆ ಅವರು ಸುಮಾರು ನಾಲ್ಕು ದಶಕ ಬದುಕಿದರು. ಅವರ ಬೋಧನೆಯ ಅತ್ಯಂತ ಪಕ್ವವಾದ ಭಾಗ ರೂಪುಗೊಂಡದ್ದು ಆ ದಶಕಗಳಲ್ಲಿಯೇ.

ಆರೋಗ್ಯಕ್ಕಾಗಿ ಏನನ್ನಾದರೂ ಆರಂಭಿಸುವುದು ಸುಲಭ, ಬಿಡದೆ ಮುಂದುವರಿಸುವುದು ಕಷ್ಟ. ಹೊಸ ವರ್ಷದ ಸಂಕಲ್ಪ ಸಂಕ್ರಾಂತಿಯವರೆಗೂ ಉಳಿಯದ ಅನುಭವ ಯಾರಿಗಿಲ್ಲ? ನೂರು ವರ್ಷದ ಆಯಸ್ಸಿನಲ್ಲಿ ತೊಂಬತ್ತಕ್ಕೂ ಹೆಚ್ಚು ವರ್ಷ ಒಂದೇ ಸಾಧನೆಯನ್ನು ಹಿಡಿದು ನಡೆದ ಈ ಕನ್ನಡ ನಾಡಿನ ಆಚಾರ್ಯರ ಬದುಕು ಆ ಕಾರಣಕ್ಕಾಗಿಯೇ ಇಂದಿಗೂ ಮನನ ಯೋಗ್ಯವಾಗಿದೆ.

ಮುಚುಕುಂದಪುರದಿಂದ ಕಾಶಿಗೆ

ಕೃಷ್ಣಮಾಚಾರ್ಯರು ಜನಿಸಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ತಂದೆ ಶ್ರೀನಿವಾಸ ತಾತಾಚಾರ್ಯರು ವೇದಾಧ್ಯಾಪಕರು, ತಾಯಿ ರಂಗನಾಯಕಮ್ಮ. ಒಂಬತ್ತನೇ ಶತಮಾನದ ವೈಷ್ಣವ ಆಚಾರ್ಯ ನಾಥಮುನಿಗಳ ಪರಂಪರೆಗೆ ಸೇರಿದವರು ತಾವೆಂಬುದು ಆ ಮನೆತನದ ಹೆಮ್ಮೆ. ಅಕ್ಷರ, ಸಂಸ್ಕೃತ ಮತ್ತು ಆಸನಗಳ ಮೊದಲ ಪಾಠ ಮಗನಿಗೆ ತಂದೆಯಿಂದಲೇ ಆಯಿತು. ಆದರೆ ಹುಡುಗನಿಗೆ ಹತ್ತು ವರ್ಷವಾದಾಗ ತಂದೆ ತೀರಿಕೊಂಡರು. ಕುಟುಂಬ ಮೈಸೂರಿಗೆ ಬಂದು ನೆಲೆಸಿತು. ಅಲ್ಲಿನ ಪರಕಾಲ ಮಠದಲ್ಲಿ ಹಾಗೂ ಸಂಸ್ಕೃತ ಪಾಠಶಾಲೆಯಲ್ಲಿ ವಿದ್ಯಾಭ್ಯಾಸ ಮುಂದುವರಿಯಿತು.

ಹದಿನಾರನೇ ವಯಸ್ಸಿನಲ್ಲಿ ತಮಿಳುನಾಡಿನ ಆಳ್ವಾರ್ ತಿರುನಗರಿಗೆ ಯಾತ್ರೆ ಹೋಗಿದ್ದಾಗ ನಾಥಮುನಿಗಳೇ ತಮಗೆ ದರ್ಶನ ನೀಡಿ, ಕಳೆದುಹೋಗಿದ್ದ ಯೋಗರಹಸ್ಯವನ್ನು ಉಪದೇಶಿಸಿದರೆಂದು ಕೃಷ್ಣಮಾಚಾರ್ಯರು ಕೊನೆಯವರೆಗೂ ನಂಬಿದ್ದರು. ಇತಿಹಾಸಕಾರರು ಇದನ್ನು ಹೇಗೇ ಕಾಣಲಿ, ಆ ಅನುಭವ ಒಬ್ಬ ಬಾಲಕನ ಬದುಕಿಗೆ ದಿಕ್ಕು ಕೊಟ್ಟದ್ದಂತೂ ನಿಜ. ವ್ಯಾಯಾಮ ಅವರ ಪಾಲಿಗೆ ದೇಹದ ಚಾಕರಿಯಾಗಿ ಉಳಿಯಲಿಲ್ಲ, ಹಿರಿಯರು ವಹಿಸಿಕೊಟ್ಟ ಹೊಣೆಯಾಯಿತು.

ಹದಿನೆಂಟರ ಹರೆಯದಲ್ಲಿ ಅವರು ಕಾಶಿಗೆ ತೆರಳಿದರು. ನಡುವೆ ಮೈಸೂರಿಗೆ ಮರಳಿ ಮತ್ತೆ ಉತ್ತರಕ್ಕೆ ಹೋದರು. ವ್ಯಾಕರಣ, ತರ್ಕ, ಮೀಮಾಂಸೆ, ವೇದಾಂತ, ಆಯುರ್ವೇದ ಹೀಗೆ ಒಂದೊಂದೇ ಶಾಸ್ತ್ರವನ್ನು ದಕ್ಕಿಸಿಕೊಂಡರು. ಕೈಯಲ್ಲಿ ಕಾಸಿರಲಿಲ್ಲ. ದಿನಕ್ಕೆ ಏಳು ಮನೆಗಳಲ್ಲಿ ಹಿಟ್ಟು ಬೇಡಿ ತಂದು, ನೀರಿನಲ್ಲಿ ಕಲಸಿ ರೊಟ್ಟಿ ಸುಟ್ಟುಕೊಂಡು ಓದಿದ ದಿನಗಳವು. ವಿದ್ವಾಂಸರಾದ ಗಂಗಾನಾಥ ಝಾ ಅವರ ಸೂಚನೆಯಂತೆ ಮಾನಸ ಸರೋವರದ ಬಳಿ ವಾಸವಾಗಿದ್ದ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವನ್ನು ಅರಸಿ ಹೋಗಿ, ಏಳೂವರೆ ವರ್ಷ ಅವರ ಬಳಿ ಯೋಗ ಕಲಿತದ್ದಾಗಿ ಕೃಷ್ಣಮಾಚಾರ್ಯರೇ ಹೇಳಿಕೊಂಡಿದ್ದಾರೆ. ಈ ಅವಧಿಯ ದಾಖಲೆಗಳು ವಿರಳ. ಗುರುದಕ್ಷಿಣೆಯಾಗಿ ಗುರು ಕೇಳಿದ್ದು ಇಷ್ಟೇ: ಊರಿಗೆ ಮರಳಬೇಕು, ಗೃಹಸ್ಥನಾಗಬೇಕು, ಯೋಗವನ್ನು ಜನರಿಗೆ ಕಲಿಸಬೇಕು.

ಸೀರೆಯ ತುಂಡು, ಕಾಫಿ ತೋಟ

1920ರ ದಶಕದಲ್ಲಿ ಈ ಮಾತನ್ನು ನಡೆಸುವುದು ಸುಲಭವಾಗಿರಲಿಲ್ಲ. ಯೋಗವೆಂದರೆ ಬೈರಾಗಿಗಳ ಗೊಡವೆ ಎಂದು ಓದಿದವರೇ ಮೂಗು ಮುರಿಯುತ್ತಿದ್ದ ಕಾಲ. ಕೃಷ್ಣಮಾಚಾರ್ಯರಲ್ಲಿದ್ದ ಪದವಿಗಳಿಗೆ ಯಾವುದಾದರೂ ಪಾಠಶಾಲೆಯಲ್ಲಿ ಗೌರವದ ಹುದ್ದೆ ದೊರೆಯುವುದು ಕಷ್ಟವಿರಲಿಲ್ಲ. ಗುರುವಿಗೆ ಕೊಟ್ಟ ಮಾತು ಅದಕ್ಕೆ ಅಡ್ಡ ಬಂತು. 1925ರಲ್ಲಿ ನಾಮಗಿರಿಯಮ್ಮ ಅವರೊಡನೆ ವಿವಾಹವಾಯಿತು. ಪತ್ನಿಯ ಸೀರೆಯಿಂದ ಹರಿದ ತುಂಡನ್ನೇ ಕೌಪೀನವಾಗಿ ಉಡುವಷ್ಟು ಬಡತನವಿತ್ತೆಂದು ಕುಟುಂಬದವರು ನೆನಪಿಸಿಕೊಂಡಿದ್ದಾರೆ. ಹೊಟ್ಟೆಪಾಡಿಗಾಗಿ ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಕೆಲಸಕ್ಕೆ ಸೇರಿದರು. ಷಡ್ದರ್ಶನಗಳನ್ನು ಅರೆದು ಕುಡಿದ ಪಂಡಿತರು ಹಗಲು ತೋಟದಲ್ಲಿ ದುಡಿದು, ರಜೆಯ ದಿನಗಳಲ್ಲಿ ಊರೂರು ಸುತ್ತಿ ಯೋಗ ಪ್ರದರ್ಶನ ನೀಡಿದರು.

ಜನರನ್ನು ಸೆಳೆಯಲು ಅವರು ನಾಡಿ ಬಡಿತ ನಿಲ್ಲಿಸಿ ತೋರಿಸಿದರು, ಚಲಿಸುವ ಕಾರನ್ನು ಬರಿಗೈಯಲ್ಲಿ ತಡೆದರು, ಹಲ್ಲಿನಿಂದ ಭಾರ ಎತ್ತಿದರು. 1927ರಲ್ಲಿ ಹಾಸನದ ಜ್ಯೂಬಿಲಿ ಹಾಲ್‌ನಲ್ಲಿ ನಡೆದ ಪ್ರದರ್ಶನವನ್ನು ಕೌಶಿಕ ಗ್ರಾಮದ ಹನ್ನೆರಡು ವರ್ಷದ ಹುಡುಗನೊಬ್ಬ ಕಣ್ಣರಳಿಸಿ ನೋಡಿದ. ಮರುದಿನವೇ ಆಚಾರ್ಯರ ಮನೆಗೆ ಹೋಗಿ ಶಿಷ್ಯನಾದ. ಆ ಹುಡುಗನೇ ಮುಂದೆ ಅಷ್ಟಾಂಗ ಯೋಗವನ್ನು ಲೋಕಕ್ಕೆ ಪರಿಚಯಿಸಿದ ಕೆ. ಪಟ್ಟಾಭಿ ಜೋಯಿಸ್.

ನಾಡಿ ನಿಲ್ಲಿಸುವ ವಿದ್ಯೆಯ ಕುರಿತು ವಿಜ್ಞಾನಿಗಳಿಗೂ ಕುತೂಹಲವಿತ್ತು. 1930ರ ದಶಕದಲ್ಲಿ ಫ್ರಾನ್ಸಿನ ವೈದ್ಯೆ ತೆರೇಸ್ ಬ್ರಾಸ್ ಅವರನ್ನು ಪರೀಕ್ಷಿಸಿದರು. 1961ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ ಇಂಥ ಪ್ರದರ್ಶನಗಳ ಒಳಗುಟ್ಟನ್ನು ಬಿಡಿಸಿತು. ಉಸಿರು ಬಿಗಿಹಿಡಿದು ಎದೆಯೊಳಗಿನ ಒತ್ತಡ ಹೆಚ್ಚಿಸಿದಾಗ ನಾಡಿ ಕೈಗೆ ಸಿಗದಷ್ಟು ಕ್ಷೀಣಿಸುತ್ತದೆ, ಹೃದಯ ಮಾತ್ರ ತನ್ನ ಕೆಲಸ ನಿಲ್ಲಿಸುವುದಿಲ್ಲ ಎಂಬುದು ಅದರ ನಿರ್ಣಯ. ಆ ವೇಳೆಗೆ ಕೃಷ್ಣಮಾಚಾರ್ಯರಿಗೂ ಆ ಬೆರಗಿನಲ್ಲಿ ಆಸಕ್ತಿ ಉಳಿದಿರಲಿಲ್ಲ. ಸಮಾಜಕ್ಕೆ ಉಪಯೋಗವಿಲ್ಲದ, ಅಹಂಕಾರವನ್ನಷ್ಟೇ ಬೆಳೆಸುವ ವಿದ್ಯೆಯೆಂದು ಅದನ್ನು ಸ್ವಂತ ಮಗನಿಗೂ ಕಲಿಸಲು ಅವರು ಒಪ್ಪಲಿಲ್ಲ.

ಅರಮನೆಯ ಯೋಗಶಾಲೆ

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ದೃಷ್ಟಿ ಬಿದ್ದ ಮೇಲೆ ಪರಿಸ್ಥಿತಿ ಬದಲಾಯಿತು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭವಾಯಿತು. ಮಹಾರಾಜರೂ ಅವರಿಂದ ಯೋಗ ಕಲಿತರು. 1934ರಲ್ಲಿ ಕೃಷ್ಣಮಾಚಾರ್ಯರು ಕನ್ನಡದಲ್ಲಿ ಬರೆದ ‘ಯೋಗ ಮಕರಂದ’ ಪ್ರಕಟವಾಯಿತು, 1941ರಲ್ಲಿ ‘ಯೋಗಾಸನಗಳು’ ಹೊರಬಂತು. ಇಂದು ಲೋಕವ್ಯಾಪಿಯಾಗಿರುವ ಆಸನ ಪದ್ಧತಿಯ ಮೂಲಗ್ರಂಥಗಳಲ್ಲಿ ಎರಡು ಕನ್ನಡದಲ್ಲಿವೆ ಎಂಬುದು ಕನ್ನಡಿಗರೇ ಅಷ್ಟಾಗಿ ಗಮನಿಸದ ಸಂಗತಿ. ಅವರ ಪದ್ಧತಿಯಲ್ಲಿ ಅರಮನೆಯ ವ್ಯಾಯಾಮ ಪರಂಪರೆ ಹಾಗೂ ಆ ಕಾಲದ ಅಂಗಸಾಧನೆಯ ಪ್ರಭಾವವೂ ಬೆರೆತಿದೆ ಎಂದು ಈಚಿನ ಸಂಶೋಧಕರು ವಾದಿಸಿದ್ದಾರೆ. ಹಳೆಯದನ್ನು ಕಾಲಕ್ಕೆ ಒಗ್ಗಿಸುವ ಧೈರ್ಯ ಅವರಲ್ಲಿತ್ತೆಂಬುದನ್ನು ಈ ಚರ್ಚೆಯೂ ತೋರಿಸುತ್ತದೆ.

ಆ ದಿನಗಳ ಕೃಷ್ಣಮಾಚಾರ್ಯರು ಮಹಾ ಕೋಪಿಷ್ಠರು. ಅವರು ಎದುರಿಗೆ ಬಂದರೆ ಜನ ರಸ್ತೆಯ ಇನ್ನೊಂದು ಬದಿಗೆ ಸರಿಯುತ್ತಿದ್ದರಂತೆ. ಶಿಸ್ತಿನ ಈ ಬಿರುಸು ಹೆಚ್ಚು ತಟ್ಟಿದ್ದು ನಾಮಗಿರಿಯಮ್ಮನವರ ತಮ್ಮ ಬಿ.ಕೆ.ಎಸ್. ಅಯ್ಯಂಗಾರ್ ಅವರಿಗೆ. ಮಲೇರಿಯಾ, ವಿಷಮಶೀತ ಜ್ವರ, ಕ್ಷಯಗಳಿಂದ ನಲುಗಿದ್ದ ಆ ಬಾಲಕ 1934ರಲ್ಲಿ ಅಕ್ಕನ ಮನೆಗೆ ಬಂದಾಗ, ಇವನಿಂದ ಯೋಗ ಸಾಧ್ಯವಿಲ್ಲವೆಂದೇ ಭಾವ ಭಾವಿಸಿದ್ದರು. ಮನೆಗೆಲಸವೇ ಅವನ ಪಾಲಾಯಿತು. ಕೇಶವಮೂರ್ತಿ ಎಂಬ ಮೆಚ್ಚಿನ ಶಿಷ್ಯ ಒಂದು ದಿನ ಹೇಳದೆ ಕೇಳದೆ ಹೊರಟುಹೋದ ಮೇಲೆ, ಎದುರಿಗಿದ್ದ ಪ್ರದರ್ಶನಕ್ಕಾಗಿ ಈ ಹುಡುಗನನ್ನು ಅವಸರದಲ್ಲಿ ತಯಾರು ಮಾಡಬೇಕಾಯಿತು. ಅಭ್ಯಾಸವೇ ಇಲ್ಲದ ಹನುಮಾನಾಸನವನ್ನು ಗುರುವಿನ ಆಜ್ಞೆಯಂತೆ ಮಾಡಲು ಹೋಗಿ ತೊಡೆಯ ಸ್ನಾಯು ಹರಿದುಕೊಂಡದ್ದನ್ನು ಅಯ್ಯಂಗಾರ್ ಅವರು ಬಹುಕಾಲ ಮರೆಯಲಿಲ್ಲ. ಭಯದಿಂದ ಹುಟ್ಟಿದ ಶಿಸ್ತು ದೇಹಕ್ಕೆ ಎಂಥ ಬೆಲೆ ತೆರಿಸಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ. ಆದರೂ 1937ರಲ್ಲಿ ಪುಣೆಗೆ ಹೋಗಿ ಯೋಗ ಕಲಿಸುವ ಅವಕಾಶ ಅವರಿಗೆ ಒದಗಿದ್ದು ಇದೇ ಗುರುವಿನಿಂದ.

ಹೆಂಗಸು, ಅದರಲ್ಲೂ ವಿದೇಶೀಯಳು ಎಂಬ ಕಾರಣಕ್ಕೆ ರಷ್ಯನ್ ಮೂಲದ ಇಂದ್ರಾದೇವಿ ಅವರನ್ನು ಆಚಾರ್ಯರು ಮೊದಲು ತಿರಸ್ಕರಿಸಿದ್ದರು. ಮಹಾರಾಜರ ಒತ್ತಾಸೆಗೆ ಮಣಿದು ಸೇರಿಸಿಕೊಂಡ ಮೇಲೆ ಕಠಿಣ ಪಥ್ಯ, ಕಠಿಣ ವೇಳಾಪಟ್ಟಿ ವಿಧಿಸಿದರು. ಆಕೆ ಹಿಂಜರಿಯಲಿಲ್ಲ. ಕೊನೆಗೆ ಗುರುವೇ ತಮ್ಮ ನಿಲುವನ್ನು ತಿದ್ದಿಕೊಂಡರು, ಯೋಗವನ್ನು ಬೋಧಿಸುವಂತೆ ಆಕೆಗೆ ಆದೇಶಿಸಿದರು. 1947ರಲ್ಲಿ ಆಕೆ ಹಾಲಿವುಡ್‌ನಲ್ಲಿ ಯೋಗಶಾಲೆ ತೆರೆದರು. ಮುಂದಿನ ವರ್ಷಗಳಲ್ಲಿ ಕೃಷ್ಣಮಾಚಾರ್ಯರು ಮಹಿಳೆಯರಿಗೆ ವೇದಪಠಣವನ್ನೂ ಕಲಿಸಿದರು.

ಮದರಾಸಿನಲ್ಲಿ ಎರಡನೇ ಬದುಕು

1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ನಿಧನರಾದರು. ಯೋಗಶಾಲೆಯ ವೈಭವ ಕುಗ್ಗುತ್ತಾ ಬಂದು 1950ರಲ್ಲಿ ಅದು ನಿಂತೇಹೋಯಿತು. ಎರಡು ವರ್ಷಗಳ ಬಳಿಕ, ಪಾರ್ಶ್ವವಾಯುವಿಗೆ ತುತ್ತಾಗಿದ್ದ ಹೆಸರಾಂತ ವಕೀಲರೊಬ್ಬರ ಚಿಕಿತ್ಸೆಗಾಗಿ ಕರೆ ಬಂದಾಗ ಕೃಷ್ಣಮಾಚಾರ್ಯರು ಮದರಾಸಿಗೆ ಹೊರಟರು. ಅಲ್ಲಿ ಅವರ ಮುಂದೆ ಕುಳಿತವರು ಅರಮನೆಯ ಚುರುಕು ಬಾಲಕರಲ್ಲ. ರೋಗಿಗಳು, ವೃದ್ಧರು, ಗರ್ಭಿಣಿಯರು, ನಿದ್ದೆಗೆಟ್ಟವರು, ಕಚೇರಿಯ ಕುರ್ಚಿಯಲ್ಲಿ ಬೆನ್ನು ಬಾಗಿದವರು. ಇವರಿಗೆ ಒಂದೇ ಅಚ್ಚಿನ ಪಾಠ ನಡೆಯದೆಂಬುದನ್ನು ಅರಿತ ಆಚಾರ್ಯರ ಬಿರುಸು ಕ್ರಮೇಣ ಇಳಿಯಿತು.

ಅವರು ಮೊದಲು ನಾಡಿ ನೋಡುತ್ತಿದ್ದರು, ಆಹಾರ, ಉದ್ಯೋಗ, ನಿದ್ದೆ, ಮನೆಯ ಪರಿಸ್ಥಿತಿ ವಿಚಾರಿಸುತ್ತಿದ್ದರು. ಆಮೇಲೆ ಆ ವ್ಯಕ್ತಿಗೆ ಹೊಂದುವ ಅಭ್ಯಾಸ ನಿಗದಿಯಾಗುತ್ತಿತ್ತು. ಮಂಡಿ ಮಡಿಸಲಾಗದವರಿಗೆ ಆಸನವನ್ನೇ ಮಾರ್ಪಡಿಸುತ್ತಿದ್ದರು. ತೋಳು ಎತ್ತುವಾಗ, ಎದೆ ಅರಳಿಸುವಾಗ ಉಸಿರು ಒಳಕ್ಕೆ, ಮುಂದಕ್ಕೆ ಬಾಗುವಾಗ ಉಸಿರು ಹೊರಕ್ಕೆ. ಒಂದು ಬದಿಗೆ ದುಡಿದ ಅಂಗಕ್ಕೆ ಮರುಕ್ಷಣವೇ ಎದುರು ಆಸನದ ವಿಶ್ರಾಂತಿ. ಉಸಿರಿನ ಎಣಿಕೆಗೆ ಮನಸ್ಸನ್ನು ಕಟ್ಟಿಹಾಕಿದರೆ ಬೇಸರಕ್ಕೆ ಜಾಗವಿರದು ಎಂಬುದು ಈ ವಿನ್ಯಾಸ ಕ್ರಮದ ಮರ್ಮ. ಆರಂಭದಲ್ಲಿಯೇ ಹೆಚ್ಚು ಮಾಡಿಸಿ ದಣಿಸುವ ಬದಲು, ಸಲೀಸಾಗಿ ಮಾಡಬಲ್ಲಷ್ಟನ್ನೇ ದಿನವೂ ಮಾಡಿಸುವುದು ಅವರ ರೀತಿಯಾಯಿತು. ಅಭ್ಯಾಸ ನೆಲೆಗೊಳ್ಳಲು ದೀರ್ಘಕಾಲ, ನಿರಂತರತೆ ಮತ್ತು ಆದರ ಈ ಮೂರೂ ಬೇಕೆಂದು ಪತಂಜಲಿ ಸೂಚಿಸಿದ್ದರ ಪ್ರಾಯೋಗಿಕ ರೂಪವಿದು.

ಶ್ರದ್ಧೆಯ ವಿಷಯದಲ್ಲಿಯೂ ಅದೇ ಉದಾರತೆ. ಸ್ವತಃ ನಿಷ್ಠಾವಂತ ಶ್ರೀವೈಷ್ಣವರಾದ ಅವರು ತಮ್ಮ ದೇವರನ್ನು ಶಿಷ್ಯರ ಮೇಲೆ ಹೇರಲಿಲ್ಲ. ಕಣ್ಣು ಮುಚ್ಚಿದಾಗ ದೇವರನ್ನು ನೆನೆಯಬಹುದು, ಅದಾಗದಿದ್ದರೆ ಸೂರ್ಯನನ್ನು, ಅದೂ ಆಗದಿದ್ದರೆ ಹೆತ್ತವರನ್ನು ನೆನೆಯಬಹುದು ಎಂಬುದು ಅವರ ಬೋಧನೆಯಾಗಿತ್ತು. ತನಗಿಂತ ದೊಡ್ಡದೊಂದಕ್ಕೆ ಅಭ್ಯಾಸವನ್ನು ಒಪ್ಪಿಸಿಕೊಂಡವನಿಗೆ ಇಂದು ಎಷ್ಟು ತೂಕ ಇಳಿಯಿತು, ಎಷ್ಟು ಬಾಗಲು ಬಂತು ಎಂಬ ಲೆಕ್ಕ ಮುಖ್ಯವಾಗದು. ಫಲ ತಡವಾದರೂ ಕೈಬಿಡದಿರುವ ಬಲ ಅದರಿಂದ ಬರುತ್ತದೆ.

ಮನೆಯವರೇ ಈ ಹಾದಿಗೆ ತಡವಾಗಿ ಬಂದರು. ಎಂಜಿನಿಯರ್ ಆಗಿದ್ದ ಮಗ ಟಿ.ಕೆ.ವಿ. ದೇಶಿಕಾಚಾರ್ ಅವರಿಗೆ ಯೋಗದಲ್ಲಿ ಒಲವಿರಲಿಲ್ಲ. 1960ರ ದಶಕದ ಆರಂಭದಲ್ಲಿ ಒಂದು ದಿನ ವಿದೇಶಿ ಮಹಿಳೆಯೊಬ್ಬರು ಮನೆಯ ಬಾಗಿಲಲ್ಲೇ ವೃದ್ಧ ತಂದೆಯನ್ನು ಅಪ್ಪಿಕೊಂಡು ಕೃತಜ್ಞತೆ ತೋರಿದ್ದನ್ನು ಅವರು ಕಂಡರು. ಬಹುಕಾಲದ ಬಳಿಕ ಔಷಧಿಯಿಲ್ಲದೆ ನಿದ್ದೆ ಬಂದ ಸಂತೋಷ ಆಕೆಯದು. ಆ ದೃಶ್ಯವೇ ಮಗನನ್ನು ಶಿಷ್ಯನನ್ನಾಗಿಸಿತು. 1976ರಲ್ಲಿ ದೇಶಿಕಾಚಾರ್ ಅವರು ತಂದೆಯ ಹೆಸರಿನಲ್ಲಿ ಮದರಾಸಿನಲ್ಲಿ ಯೋಗಮಂದಿರ ಸ್ಥಾಪಿಸಿದರು.

ಕೊನೆಯ ಪಾಠ

96ನೇ ವಯಸ್ಸಿನಲ್ಲಿ ಕೃಷ್ಣಮಾಚಾರ್ಯರ ಸೊಂಟದ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆಗೆ ಅವರು ಒಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಮಾಡಬಹುದಾದ ಅಭ್ಯಾಸ ಕ್ರಮವೊಂದನ್ನು ತಮಗೆ ತಾವೇ ರೂಪಿಸಿಕೊಂಡರು. ಆ ನಿರ್ಧಾರ ಎಲ್ಲರೂ ಅನುಕರಿಸತಕ್ಕದ್ದಲ್ಲ. ಮುರಿದ ಮೂಳೆಗೆ ವೈದ್ಯರ ಸಲಹೆಯೇ ಸರಿಯಾದ ದಾರಿ. ಗಮನಿಸಬೇಕಾದ್ದು ಬೇರೆ. ಒಂದು ಕಾಲದಲ್ಲಿ ಚಲಿಸುವ ಕಾರನ್ನು ತಡೆದಿದ್ದ ದೇಹ ಈಗ ಮಗ್ಗುಲು ಬದಲಿಸಲೂ ಹೆಣಗುತ್ತಿತ್ತು. ಅಂದಿನ ಬಲವನ್ನು ನೆನೆದು ಅವರು ಕೊರಗಲಿಲ್ಲ, ಅಭ್ಯಾಸವನ್ನೂ ಬಿಡಲಿಲ್ಲ. ಮಾಡಲು ಸಾಧ್ಯವಿದ್ದಷ್ಟನ್ನು ಶ್ರದ್ಧೆಯಿಂದ ಮಾಡಿದರು. ನೂರು ವರ್ಷ ತುಂಬಿದ ಮೇಲೆ, 1989ರ ಫೆಬ್ರವರಿ 28ರಂದು ಮದರಾಸಿನಲ್ಲಿ ಕಣ್ಮುಚ್ಚಿದರು.

ಅವರು ಒಮ್ಮೆಯೂ ಸಮುದ್ರ ದಾಟಲಿಲ್ಲ. ಪಟ್ಟಾಭಿ ಜೋಯಿಸ್, ಅಯ್ಯಂಗಾರ್, ಇಂದ್ರಾದೇವಿ, ದೇಶಿಕಾಚಾರ್ ಅವರ ಮೂಲಕ ವಿದ್ಯೆ ಖಂಡಾಂತರ ತಲುಪಿತು. 2015ರಿಂದ ಪ್ರತಿ ವರ್ಷ ಜೂನ್ 21ರಂದು ವಿಶ್ವದೆಲ್ಲೆಡೆ ಯೋಗ ದಿನ ಆಚರಣೆಯಾಗುತ್ತಿದೆ. ಆ ಒಂದು ಬೆಳಗಿಗೆ ಮೈದಾನ ತುಂಬುತ್ತದೆ. ಉಳಿದ ಬೆಳಗುಗಳ ಪಾಠಕ್ಕೆ ಮುಚುಕುಂದಪುರದ ಈ ಹಿರಿಯರ ಬದುಕಿದೆ. ಆರೋಗ್ಯದ ಸಂಕಲ್ಪ ಅರ್ಧಕ್ಕೆ ನಿಂತಿದ್ದರೆ ನಾಳೆ ಮತ್ತೆ ಆರಂಭಿಸಲು ದೊಡ್ಡ ಸಿದ್ಧತೆಯೇನೂ ಬೇಕಿಲ್ಲ. ಗಮನವಿಟ್ಟು ಎಳೆದುಕೊಂಡ ಒಂದು ದೀರ್ಘ ಉಸಿರು ಸಾಕು.