ಕೆರೆಗೆ ಹಾಕಿದ ದುಡ್ಡು ಯಾರದು?



ಇಂದಿನ ಚಿಂತನೆಗೆ ನಾನು ಬಾಬಾಸಾಹೇಬರ ಬದುಕನ್ನು ಆರಿಸಿಕೊಂಡಿದ್ದೇನೆ. ಪೂರ್ತಿ ಬದುಕನ್ನಲ್ಲ, ಅದರೊಳಗಿನ ನೀರಿನ ಎಳೆಯನ್ನು ಮಾತ್ರ. ನಾನು ಗ್ರಾಮ ಪಂಚಾಯತಿಯೊಂದರಲ್ಲಿ ಬಹಳ ವರ್ಷ ಬಿಲ್ ಕಲೆಕ್ಟರ್ ಆಗಿದ್ದವನು, ನೀರಿನ ಕಂದಾಯದ ಪುಸ್ತಕ ಹಿಡಿದು ಮನೆ ಮನೆ ತಿರುಗಿದವನು. ಹಾಗಾಗಿ ಅವರ ಜೀವನ ಓದುವಾಗಲೆಲ್ಲ ನನ್ನ ಕಣ್ಣು ಲೆಕ್ಕದ ಕಡೆಗೇ ಹೋಗುತ್ತದೆ.

ಸಾತಾರದ ಶಾಲೆಯಲ್ಲಿ ಬಾಲಕ ಭೀಮರಾವ್ ಮನೆಯಿಂದ ತಂದ ಗೋಣಿತಾಟಿನ ಮೇಲೆ ಬೇರೆಯಾಗಿ ಕೂರಬೇಕಿತ್ತು. ಬಾಯಾರಿದರೆ ನಲ್ಲಿ ಮುಟ್ಟುವಂತಿರಲಿಲ್ಲ. ಶಾಲೆಯ ಜವಾನ ಬಂದು ತಿರುಗಿಸಿದರೆ ನೀರು, ಅವನು ಬರದ ದಿನ ನೀರಿಲ್ಲ. 1901ರಲ್ಲಿ, ಒಂಬತ್ತು ವರ್ಷದವನಾಗಿದ್ದಾಗ, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ಗೋರೆಗಾಂವ್‌ನಲ್ಲಿದ್ದ ತಂದೆಯನ್ನು ನೋಡಲು ಹೊರಟ. ಮಸೂರಿನಲ್ಲಿ ರೈಲು ಇಳಿದ ಮಕ್ಕಳ ಜಾತಿ ತಿಳಿದದ್ದೇ ತಡ, ಗಾಡಿಯವರು ಹಿಂದೆ ಸರಿದರು. ಎರಡು ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದನಾದರೂ ಗಾಡಿಯನ್ನು ಮಕ್ಕಳೇ ಹೊಡೆಯಬೇಕಾಯಿತು. ಬುತ್ತಿ ಇತ್ತು, ನೀರಿರಲಿಲ್ಲ. ದಾರಿಯ ಸುಂಕದ ಕಟ್ಟೆಯಲ್ಲಿ ಕೇಳಿದರೂ ಸಿಗಲಿಲ್ಲ. ಆ ರಾತ್ರಿ ಮಕ್ಕಳು ಉಣ್ಣದೆ ಮಲಗಿದರು.

ಇಲ್ಲಿ ಒಂದು ಮಾತು ಗಮನಿಸೋಣ. ಆ ಊರುಗಳಲ್ಲಿ ನೀರಿಗೆ ಬರ ಇರಲಿಲ್ಲ. ನೀರಿತ್ತು, ಕೈ ಚಾಚುವ ಹಕ್ಕು ಇರಲಿಲ್ಲ.

ಮುಂದೆ ಅವರು ಅಮೆರಿಕದ ಕೊಲಂಬಿಯಾದಲ್ಲಿ, ಲಂಡನ್ನಿನಲ್ಲಿ ಅರ್ಥಶಾಸ್ತ್ರ ಓದಿದರು. ಸರ್ಕಾರದ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದೇ ಅವರ ಸಂಶೋಧನೆಯ ಒಂದು ಮುಖ್ಯ ವಿಷಯ. ಓದು ಮುಗಿಸಿ ಮುಂಬಯಿಗೆ ಮರಳಿದ್ದು 1923ರಲ್ಲಿ. ಅದೇ ವರ್ಷ ಆಗಸ್ಟ್‌ನಲ್ಲಿ ಮುಂಬಯಿ ಶಾಸನ ಪರಿಷತ್ತಿನಲ್ಲಿ ಸೀತಾರಾಮ್ ಕೇಶವ್ ಬೋಲೆ ಅವರು ಒಂದು ಠರಾವು ಮಂಡಿಸಿ ಪಾಸು ಮಾಡಿಸಿದರು. ಸಾರ್ವಜನಿಕ ಹಣದಿಂದ ಕಟ್ಟಿದ, ನಡೆಸುವ ಬಾವಿ, ಕೆರೆ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬುದು ಅದರ ಸಾರ. ಆಗ ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳೂ ಮುಂಬಯಿ ಪ್ರಾಂತದಲ್ಲೇ ಇದ್ದವು. ಠರಾವು ಆ ಊರುಗಳಿಗೂ ಸಲ್ಲುತ್ತಿತ್ತು. ಕಾಗದದ ಮೇಲೆ.

ಜಾರಿಯಾಗಲಿಲ್ಲವೆಂದು 1926ರಲ್ಲಿ ಬೋಲೆಯವರು ಇನ್ನೊಂದು ಠರಾವು ತಂದರು. ಕೆರೆ ಬಾವಿ ತೆರೆಯದ ಪುರಸಭೆ, ಲೋಕಲ್ ಬೋರ್ಡುಗಳಿಗೆ ಸರ್ಕಾರದ ಅನುದಾನ ಕೊಡಬಾರದು ಎಂಬ ಶಿಫಾರಸು ಅದರಲ್ಲಿತ್ತು. ಧರ್ಮದ ಮಾತಿಗೆ ಬಗ್ಗದವರು ದುಡ್ಡಿನ ಮಾತಿಗಾದರೂ ಬಗ್ಗಿಯಾರು ಎಂಬ ನಿರೀಕ್ಷೆ.

ಕೊಂಕಣದ ಮಹಾಡ್ ಪುರಸಭೆ 1924ರಲ್ಲೇ ತನ್ನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದು ನಿರ್ಣಯ ಮಾಡಿತ್ತು. ಆದರೂ ಯಾರೂ ಹೋಗುವಂತಿರಲಿಲ್ಲ. 1927ರ ಮಾರ್ಚ್ 19 ಮತ್ತು 20ರಂದು ಅಲ್ಲಿ ಪರಿಷತ್ತು ಸೇರಿತು. ಬಂದ ಜನರ ದಾಹಕ್ಕೆ ಸವರ್ಣೀಯರಿಂದ ನಲವತ್ತು ರೂಪಾಯಿ ಕೊಟ್ಟು ನೀರು ಕೊಳ್ಳಬೇಕಾಯಿತು. ತುಂಬಿದ ಕೆರೆ ಪಕ್ಕದಲ್ಲೇ ಇತ್ತು! 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಸಾಲಾಗಿ ನಡೆದು ಕೆರೆಗಿಳಿದು ಬೊಗಸೆ ನೀರು ಕುಡಿದರು.

ಆಮೇಲೆ ದೇವಸ್ಥಾನಕ್ಕೂ ನುಗ್ಗುತ್ತಾರೆಂಬ ಸುಳ್ಳು ಸುದ್ದಿ ಹಬ್ಬಿತು. ಊಟಕ್ಕೆ ಕೂತಿದ್ದವರ ಮೇಲೆ ದೊಣ್ಣೆಗಳು ಬಿದ್ದವು. ತಿರುಗಿ ಹೊಡೆಯಲು ಸಿದ್ಧರಿದ್ದ ತಮ್ಮವರನ್ನು ಬಾಬಾಸಾಹೇಬರು ತಡೆದರು. ಕೆರೆಯಿಂದ 108 ಕೊಡ ನೀರು ಹೊರತೆಗೆದು, ಸಗಣಿ, ಗಂಜಲ ಬೆರೆಸಿ, ಮಂತ್ರ ಹೇಳಿ, ಕೆರೆ ಶುದ್ಧವಾಯಿತು ಎಂದು ಸಾರಲಾಯಿತು. ಆಗಸ್ಟ್‌ನಲ್ಲಿ ಪುರಸಭೆ ತನ್ನ ನಿರ್ಣಯವನ್ನೇ ವಾಪಸು ಪಡೆಯಿತು.

ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹಕ್ಕೆ ಜನ ಸೇರುವಷ್ಟರಲ್ಲಿ ಎದುರಿನವರು ಕೋರ್ಟಿನಿಂದ ತಡೆಯಾಜ್ಞೆ ತಂದಿದ್ದರು. ಕೆರೆ ಖಾಸಗಿಯದು, ಪುರಸಭೆಯದಲ್ಲ ಎಂಬುದು ಅವರ ವಾದ. ಬಾಬಾಸಾಹೇಬರು ಆಜ್ಞೆಗೆ ತಲೆಬಾಗಿ ಕೆರೆಗೆ ಇಳಿಯದೆ ವ್ಯಾಜ್ಯಕ್ಕಿಳಿದರು. ಮಹಾಡ್ ಕೋರ್ಟು, ಠಾಣೆ ಕೋರ್ಟು ದಾಟಿ 1937ರ ಮಾರ್ಚ್ 17ರಂದು ಮುಂಬಯಿ ಹೈಕೋರ್ಟಿನಲ್ಲಿ ಅವರ ಪರವಾಗಿ ತೀರ್ಪು ಬಂತು. ಅನಾದಿ ಕಾಲದ ರೂಢಿ ಎಂಬ ವಾದ ನಿಲ್ಲಲಿಲ್ಲ. ಒಂದು ಬೊಗಸೆ ನೀರಿಗೆ ಹತ್ತು ವರ್ಷ.

ನನಗೆ ಅವರ ತಾಳ್ಮೆ ಕಾಣುವುದು ಇಲ್ಲೇ. ಸೋತಾಗ ಊರಿಗೆ ಬೆಂಕಿ ಹಚ್ಚಲಿಲ್ಲ, ಗೆದ್ದ ಮೇಲೆ ಅಲ್ಲಿಗೇ ನಿಲ್ಲಲೂ ಇಲ್ಲ. 1942ರಿಂದ 46ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ನೀರಾವರಿ, ವಿದ್ಯುತ್ತು ಕೂಡ ಅವರ ಕೈಯಲ್ಲಿದ್ದವು. ದಾಮೋದರ್ ಕಣಿವೆ ಯೋಜನೆಗೆ ರೂಪ ಸಿಕ್ಕಿದ್ದು ಆಗ. ಇಂದಿನ ಕೇಂದ್ರ ಜಲ ಆಯೋಗದ ಮೂಲ ಸಂಸ್ಥೆ ಹುಟ್ಟಿದ್ದೂ ಆಗಲೇ, 1945ರಲ್ಲಿ. ನಲ್ಲಿ ಮುಟ್ಟಲು ಬಿಡದ ಹುಡುಗ ದೇಶದ ನದಿಗಳ ಲೆಕ್ಕ ನೋಡುವ ಜಾಗಕ್ಕೆ ಬಂದಿದ್ದರು.

ಆಮೇಲೆ ಸಂವಿಧಾನ. ಅದರ 15ನೇ ವಿಧಿಯ ಎರಡನೇ ಖಂಡವನ್ನು ಒಮ್ಮೆ ಓದಿ ನೋಡಿ. ಪೂರ್ತಿಯಾಗಿಯೋ ಭಾಗಶಃವೋ ಸರ್ಕಾರದ ಹಣದಿಂದ ನಡೆಯುವ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳಿಂದ ಜಾತಿ, ಧರ್ಮ, ಲಿಂಗದ ಕಾರಣಕ್ಕೆ ಯಾರನ್ನೂ ದೂರವಿಡುವಂತಿಲ್ಲ. 1923ರ ಠರಾವಿನ ಜೀವ ಅಲ್ಲಿ ಕಾನೂನಾಗಿ ಕೂತಿದೆ.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಧಮ್ಮ ದೀಕ್ಷೆ ಪಡೆದರು, ಡಿಸೆಂಬರ್ 6ರಂದು ಪರಿನಿಬ್ಬಾಣ. ಮರುವರ್ಷ ಪ್ರಕಟವಾದ ಬುದ್ಧ ಮತ್ತು ಆತನ ಧಮ್ಮ ಗ್ರಂಥದಲ್ಲಿ ಸಿದ್ಧಾರ್ಥ ಮನೆ ಬಿಟ್ಟ ಕಾರಣವನ್ನು ಅವರು ಬೇರೆಯೇ ಆಗಿ ಹೇಳುತ್ತಾರೆ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು, ಕೋಲಿಯರು ಯುದ್ಧಕ್ಕೆ ನಿಂತರು. ಸಿದ್ಧಾರ್ಥ ಯುದ್ಧ ಬೇಡವೆಂದ, ಅದಕ್ಕಾಗಿ ಮನೆ ಬಿಟ್ಟ. ನೀರಿನ ಜಗಳದಿಂದಲೇ ನಮ್ಮ ಧಮ್ಮದ ದಾರಿ ಶುರುವಾಯಿತು ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ಇನ್ನು ನಮ್ಮ ಕಾಲಕ್ಕೆ ಬರೋಣ. ನಾನು ತಿರುಗಿದ ಒಂದು ಹಳ್ಳಿಯಲ್ಲಿ ಕೇರಿಗೆ ಪೈಪ್‌ಲೈನ್ ಹಾಕುವ ಕೆಲಸ ವರ್ಷ ವರ್ಷವೂ ಮುಂದಕ್ಕೆ ಹೋಗುತ್ತಿತ್ತು. ಯಾರೂ ಬೇಡ ಎನ್ನುತ್ತಿರಲಿಲ್ಲ, ದುಡ್ಡಿಲ್ಲ ಎನ್ನುತ್ತಿದ್ದರು. ಒಂದು ಗ್ರಾಮಸಭೆಯಲ್ಲಿ ಸ್ವಸಹಾಯ ಸಂಘದ ಅಕ್ಕನೊಬ್ಬರು ಎದ್ದು ನಿಂತರು. ಪಂಚಾಯತಿಗೆ ಅನುದಾನ ಬರುವುದು ತಲೆ ಎಣಿಸಿ ಅಲ್ಲವೇ, ಆ ಎಣಿಕೆಯಲ್ಲಿ ನಮ್ಮ ಕೇರಿಯ ತಲೆಗಳೂ ಸೇರಿವೆ, ಹಾಗಾದರೆ ನಮ್ಮ ಪಾಲು ಯಾವ ಪುಟದಲ್ಲಿದೆ ಎಂದು ಕೇಳಿದರು. ದನಿ ಏರಿಸಲಿಲ್ಲ, ಉತ್ತರ ಬರುವವರೆಗೆ ಕೂರಲೂ ಇಲ್ಲ. ಮುಂದಿನ ಕ್ರಿಯಾ ಯೋಜನೆಯಲ್ಲಿ ಕೇರಿಯ ಪೈಪು ಸೇರಿತು. ಆಕೆ ಮಹಾಡ್ ನೋಡಿದವರಲ್ಲ, ಆದರೂ ಮಹಾಡಿನ ಪ್ರಶ್ನೆಯನ್ನೇ ಕೇಳಿದ್ದರು.

ಇಂದು ಜಲ ಜೀವನ್ ಮಿಷನ್ ಲೆಕ್ಕದಲ್ಲಿ ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಸಿಗಬೇಕು. ನಲ್ಲಿ ಬಂದಿದೆ ಎಂದರೆ ನೀರು ಬಂದಿದೆ ಎಂದಲ್ಲ. ನೀರುಗಂಟಿ ವಾಲ್ವ್ ತಿರುಗಿಸಿದಾಗ ಕಟ್ಟಕಡೆಯ ಮನೆಗೆ ಏರುತ್ತದೆಯೇ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ, ಪರೀಕ್ಷೆ ಯಾವಾಗ ಆಯಿತು, ಶುದ್ಧ ನೀರಿನ ಘಟಕ ಕೆಟ್ಟಿದ್ದರೆ ದುರಸ್ತಿಗೆ ಹಣ ಎಲ್ಲಿದೆ? ಇವನ್ನೆಲ್ಲ ಕೇಳುವ ಜಾಗ ಗ್ರಾಮಸಭೆ, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ.

ಕರುಣೆ ಎಂದರೆ ಬಾಯಾರಿದವರಿಗೆ ಒಂದು ಚೊಂಬು ನೀರು ಕೊಡುವುದು ಹೌದು. ಅವರು ಇನ್ನೊಬ್ಬರ ಚೊಂಬಿಗೆ ಕಾಯದಂತೆ ಮಾಡುವುದು ಅದಕ್ಕಿಂತ ದೊಡ್ಡ ಕರುಣೆ. ಬಾಬಾಸಾಹೇಬರು ಜೀವಮಾನವೆಲ್ಲ ಮಾಡಿದ್ದು ಎರಡನೆಯದನ್ನು.

ಇಂದಿನ ಅಭ್ಯಾಸ: ಬೆಳಗಿನ ಧ್ಯಾನ ಮುಗಿದ ಮೇಲೆ ಒಂದು ಲೋಟ ನೀರನ್ನು ನಿಧಾನವಾಗಿ ಕುಡಿಯೋಣ. ನಮ್ಮ ಊರಿನಲ್ಲಿ, ನಮ್ಮ ಬಡಾವಣೆಯಲ್ಲಿ ಈ ನೀರು ಕೊನೆಗೆ ತಲುಪುವ ಮನೆ ಯಾವುದೆಂದು ನೆನೆಯೋಣ. ಗೊತ್ತಿಲ್ಲದಿದ್ದರೆ ಈ ವಾರ ಹೋಗಿ ನೋಡಿಬರೋಣ.

ಎಲ್ಲರಿಗೂ ಮಂಗಳವಾಗಲಿ 🙏