ನೀರನ್ನು ಅಳೆದ ಮೇಜರ್: ಜಾನ್ ವೆಸ್ಲಿ ಪೊವೆಲ್

ಅಟ್ಲಾಸ್ ತೆರೆದು ಅಮೆರಿಕದ ಪಶ್ಚಿಮ ಭಾಗವನ್ನು ಒಮ್ಮೆ ನೋಡಿ. ಯೂಟಾ, ಕೊಲರಾಡೊ, ವಯೋಮಿಂಗ್, ನ್ಯೂ ಮೆಕ್ಸಿಕೊ ರಾಜ್ಯಗಳ ಗಡಿಗಳು ಹೆಚ್ಚಿನ ಕಡೆ ಸ್ಕೇಲಿಟ್ಟು ಎಳೆದ ಗೆರೆಗಳಂತೆ ನೇರವಾಗಿವೆ. ಬೆಟ್ಟ ಎಲ್ಲಿದೆ, ಹೊಳೆ ಎತ್ತ ಹರಿಯುತ್ತದೆ ಎಂಬುದನ್ನು ಆ ಗೆರೆಗಳು ಕೇಳುವುದಿಲ್ಲ. ಮಳೆ ಕಡಿಮೆ ಇರುವ ನಾಡಿನಲ್ಲಿ ಹೀಗೆ ಗೆರೆ ಎಳೆದರೆ ಮುಂದೆ ನೀರಿನ ಜಗಳ ತಪ್ಪದು, ಅಲ್ಲಿ ಗಡಿಗಳು ನದಿಯ ಜಲಾನಯನ ಪ್ರದೇಶವನ್ನು ಅನುಸರಿಸಬೇಕು ಎಂದು 19ನೇ ಶತಮಾನದಲ್ಲೇ ವಾದಿಸಿದವರು ಮೇಜರ್ ಜಾನ್ ವೆಸ್ಲಿ ಪೊವೆಲ್. ಅಂದಿನ ಆಳುವವರು ಅವರ ಮಾತನ್ನು ಕೇಳಲಿಲ್ಲ. ಆದರೆ ಮರುಭೂಮಿಯ ನದಿಗಳನ್ನು ಉಳಿಸಲು ಇಂದು ದುಡಿಯುತ್ತಿರುವ ವಿಜ್ಞಾನಿಗಳು ನಡೆಯುತ್ತಿರುವುದು ಅವರು ತೋರಿದ ದಾರಿಯಲ್ಲೇ.

ಪೊವೆಲ್ ಹುಟ್ಟಿದ್ದು 1834ರ ಮಾರ್ಚ್ 24ರಂದು, ನ್ಯೂಯಾರ್ಕ್ ರಾಜ್ಯದ ಮೌಂಟ್ ಮಾರಿಸ್ ಎಂಬ ಊರಿನಲ್ಲಿ. ತಂದೆ ಇಂಗ್ಲೆಂಡಿನಿಂದ ಬಂದ ಕ್ರೈಸ್ತ ಧರ್ಮಬೋಧಕರು, ಗುಲಾಮಗಿರಿಯ ಕಡು ವಿರೋಧಿ. ಕುಟುಂಬ ಒಹಾಯೊದ ಜ್ಯಾಕ್ಸನ್ ಪಟ್ಟಣದಲ್ಲಿ ನೆಲೆಸಿದಾಗ ತಂದೆಯ ಈ ನಿಲುವಿನ ಕಾರಣಕ್ಕೇ ಬಾಲಕ ಶಾಲೆಯಲ್ಲಿ ಕಲ್ಲೇಟು ತಿನ್ನಬೇಕಾಯಿತು. ಶಾಲೆ ಬಿಡಿಸಿದ ಹೆತ್ತವರು ಅವನನ್ನು ಜಾರ್ಜ್ ಕ್ರೂಕಮ್ ಎಂಬ ರೈತರ ಬಳಿ ಕಲಿಯಲು ಕಳುಹಿಸಿದರು. ಸ್ವಂತ ಓದಿನಿಂದಲೇ ಪ್ರಕೃತಿ ವಿಜ್ಞಾನ ಕಲಿತಿದ್ದ ಆ ಹಿರಿಯರು ಬಾಲಕನನ್ನು ಕಾಡುಮೇಡು ಸುತ್ತಿಸಿ ಗಿಡ, ಕಲ್ಲು, ಪ್ರಾಣಿಗಳನ್ನು ಗಮನಿಸಿ ನೋಡುವುದನ್ನು ಕಲಿಸಿದರು. ಪುಸ್ತಕಕ್ಕೆ ಮೊದಲು ನೆಲವನ್ನು ಓದುವ ಅಭ್ಯಾಸ ಪೊವೆಲ್‌ಗೆ ಅಲ್ಲಿಂದ ಬಂತು.

ಹರೆಯದಲ್ಲಿ ಅವರು ಒಂದು ದೋಣಿ ಹಿಡಿದು ಮಿಸಿಸಿಪಿ, ಒಹಾಯೊ, ಇಲಿನಾಯ್ ನದಿಗಳಲ್ಲಿ ಹುಟ್ಟು ಹಾಕುತ್ತಾ ಚಿಪ್ಪುಗಳನ್ನು ಸಂಗ್ರಹಿಸಿದರು. ಮೂರು ಕಾಲೇಜುಗಳಲ್ಲಿ ಓದಿದರೂ ಪದವಿ ಮುಗಿಸಲಿಲ್ಲ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾದಾಗ ಗುಲಾಮಗಿರಿಯ ವಿರುದ್ಧ ಹೋರಾಡಲು ಸೈನ್ಯ ಸೇರಿದರು. 1862ರ ಏಪ್ರಿಲ್ 6ರಂದು ಶೈಲೋ ಕದನದಲ್ಲಿ ಗುಂಡು ತಗುಲಿತು. ಬಲಗೈಯನ್ನು ಮೊಣಕೈಯ ಕೆಳಗೆ ಕತ್ತರಿಸಬೇಕಾಯಿತು. ಆ ಕೈಯ ನೋವು ಕೊನೆಯವರೆಗೂ ಅವರನ್ನು ಕಾಡಿತು. ಆದರೂ ಅವರು ಮತ್ತೆ ಕರ್ತವ್ಯಕ್ಕೆ ಮರಳಿ ಮೇಜರ್ ಹುದ್ದೆಗೇರಿದರು.

ಯುದ್ಧ ಮುಗಿದ ಮೇಲೆ ಇಲಿನಾಯ್ ರಾಜ್ಯದ ಕಾಲೇಜಿನಲ್ಲಿ ಭೂವಿಜ್ಞಾನದ ಅಧ್ಯಾಪಕರಾದರು. 1867 ಮತ್ತು 1868ರಲ್ಲಿ ವಿದ್ಯಾರ್ಥಿಗಳನ್ನು ಕರೆದುಕೊಂಡು ರಾಕಿ ಪರ್ವತಗಳಿಗೆ ಹೋದರು. ಅಂದು ತರಗತಿಯನ್ನು ನಾಲ್ಕು ಗೋಡೆಗಳಾಚೆ ಒಯ್ಯುವುದು ಹೊಸ ಸಂಗತಿ. ಅಲ್ಲಿ ಅವರ ಕಣ್ಣು ಕೊಲರಾಡೊ ನದಿಯ ಮೇಲೆ ಬಿತ್ತು. ಪರ್ವತದ ಹಿಮ ಕರಗಿ ಹುಟ್ಟುವ ಈ ನದಿ ಮರುಭೂಮಿಯನ್ನು ಸೀಳಿಕೊಂಡು ಆಳವಾದ ಕಮರಿಗಳಲ್ಲಿ ಹರಿದು ಕ್ಯಾಲಿಫೋರ್ನಿಯಾ ಕೊಲ್ಲಿ ಸೇರುತ್ತಿತ್ತು. ಅದರ ದಾರಿಯ ಬಹುದೊಡ್ಡ ಭಾಗ ಅಂದಿನ ನಕ್ಷೆಗಳಲ್ಲಿ ಖಾಲಿಯಾಗಿತ್ತು.

1869ರ ಮೇ 24ರಂದು ವಯೋಮಿಂಗ್‌ನ ಗ್ರೀನ್ ರಿವರ್ ನಿಲ್ದಾಣದಿಂದ ಪೊವೆಲ್ ಸೇರಿ ಹತ್ತು ಮಂದಿ ನಾಲ್ಕು ದೋಣಿಗಳಲ್ಲಿ ಹೊರಟರು. ಹತ್ತು ತಿಂಗಳಿಗೆ ಸಾಕಾಗುವಷ್ಟು ಆಹಾರದ ಜೊತೆ ವಾಯುಭಾರಮಾಪಕ, ದಿಕ್ಸೂಚಿ, ಸೆಕ್ಸ್‌ಟಂಟ್‌ಗಳಿದ್ದವು. ಮೇಲಕ್ಕೆ ಏರಿದಂತೆ ವಾಯುಭಾರಮಾಪಕದ ಪಾದರಸ ಇಳಿಯುತ್ತದೆ ಎಂದು ನಾವು ಭೌತಶಾಸ್ತ್ರದಲ್ಲಿ ಓದುತ್ತೇವಲ್ಲ, ಅದೇ ತತ್ವದಿಂದ ಅವರು ನದಿಯ ಮಟ್ಟವನ್ನೂ ಕಮರಿಯ ಗೋಡೆಗಳ ಎತ್ತರವನ್ನೂ ಲೆಕ್ಕ ಹಾಕುತ್ತಿದ್ದರು. ಸೆಕ್ಸ್‌ಟಂಟ್‌ನಿಂದ ಅಕ್ಷಾಂಶ ತಿಳಿಯುತ್ತಿತ್ತು. ಒಂದೇ ಕೈಯ ಮನುಷ್ಯ ಕಡಿದಾದ ಬಂಡೆಗಳನ್ನು ಹತ್ತಿ ಅಳತೆ ಮಾಡಿ ಇಳಿದು ಬರುತ್ತಿದ್ದರು.

ಎರಡು ವಾರ ಕಳೆಯುವಷ್ಟರಲ್ಲಿ ಲೊಡೋರ್ ಕಮರಿಯ ರಭಸದಲ್ಲಿ ಒಂದು ದೋಣಿ ಬಂಡೆಗೆ ಬಡಿದು ಒಡೆಯಿತು. ಜನರ ಜೀವ ಉಳಿಯಿತು. ಆದರೆ ಆಹಾರದ ದೊಡ್ಡ ಪಾಲು ನೀರುಪಾಲಾಯಿತು. ತಂಡದ ವಾಯುಭಾರಮಾಪಕಗಳೆಲ್ಲ ಆ ದೋಣಿಯಲ್ಲೇ ಇದ್ದವು. ಅವಿಲ್ಲದೆ ಪ್ರಯಾಣ ಮುಂದುವರಿಸಿದರೆ ಅದು ಬರೀ ಸಾಹಸವಾಗುತ್ತದೆ, ವಿಜ್ಞಾನವಾಗುವುದಿಲ್ಲ ಎಂಬುದು ಪೊವೆಲ್ ಅವರ ಚಿಂತೆ. ಕೆಳಗೆ ಸಿಕ್ಕಿಕೊಂಡಿದ್ದ ದೋಣಿಯ ಚೂರಿನವರೆಗೆ ಸಂಗಾತಿಗಳು ಜೀವದ ಹಂಗು ತೊರೆದು ಹೋಗಿ ಆ ಉಪಕರಣಗಳನ್ನು ತಂದಾಗಲೇ ಅವರಿಗೆ ಸಮಾಧಾನವಾದದ್ದು.

ಮುಂದಿನ ದಿನಗಳು ಇನ್ನೂ ಕಠಿಣವಾಗಿದ್ದವು. ಒಬ್ಬ ಸದಸ್ಯ ಮಧ್ಯದಲ್ಲೇ ತಂಡ ಬಿಟ್ಟ. ಗ್ರ್ಯಾಂಡ್ ಕ್ಯಾನ್ಯನ್ ಒಳಗೆ ಹಿಟ್ಟು, ಒಣಗಿದ ಸೇಬು, ಕಾಫಿ ಮಾತ್ರ ಉಳಿದವು. ಆಗಸ್ಟ್ 28ರಂದು ಭಯಂಕರವಾದ ಇನ್ನೊಂದು ರಭಸ ಎದುರಾದಾಗ ಆರಮೆಲ್ ಹೌಲಂಡ್, ಅವರ ತಮ್ಮ ಸೆನೆಕಾ ಹೌಲಂಡ್ ಮತ್ತು ವಿಲಿಯಂ ಡನ್ ನದಿ ಬಿಟ್ಟು ಕಮರಿಯ ಗೋಡೆ ಹತ್ತಿ ಹೋದರು. ಹಾಗೆ ಹೋದ ಮೂವರೂ ಕೊಲೆಯಾದರು. ಬಹುಕಾಲ ಆ ದೋಷವನ್ನು ಅಲ್ಲಿನ ಪೈಯೂಟ್ ಬುಡಕಟ್ಟಿನವರ ಮೇಲೆ ಹೊರಿಸಲಾಯಿತು; ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. ಉಳಿದ ಆರು ಮಂದಿ ಎರಡೇ ದಿನಗಳಲ್ಲಿ, ಆಗಸ್ಟ್ 30ರಂದು, ವರ್ಜಿನ್ ನದಿ ಬಂದು ಸೇರುವಲ್ಲಿಗೆ ಸುರಕ್ಷಿತವಾಗಿ ತಲುಪಿದರು. ಸುಮಾರು 1,600 ಕಿಲೋಮೀಟರ್ ಪ್ರಯಾಣ ಮುಗಿದಿತ್ತು.

ಪೊವೆಲ್ ದೇಶದಾದ್ಯಂತ ಹೆಸರಾದರು. ಆದರೆ ಮೊದಲ ಪ್ರಯಾಣದ ಅಳತೆಗಳು ಅವರಿಗೆ ತೃಪ್ತಿ ತಂದಿರಲಿಲ್ಲ. 1871ರಲ್ಲಿ ಅದೇ ನದಿಗೆ ಮತ್ತೆ ಇಳಿದರು. ಈ ಬಾರಿ ಅವರ ಭಾವ ಆಲ್ಮನ್ ಥಾಂಪ್ಸನ್ ನಕ್ಷೆಯ ಹೊಣೆ ಹೊತ್ತರು, ಛಾಯಾಗ್ರಾಹಕರೂ ಜೊತೆಗಿದ್ದರು. ಕನಾಬ್ ಎಂಬಲ್ಲಿ ನೆಲದ ಮೇಲೆ ಆಧಾರರೇಖೆಯೊಂದನ್ನು ನಿಖರವಾಗಿ ಅಳೆದು, ಅದರಿಂದ ತ್ರಿಕೋನಗಳನ್ನು ಬೆಳೆಸುತ್ತಾ ಸುತ್ತಲಿನ ಪ್ರಸ್ಥಭೂಮಿಯ ನಕ್ಷೆ ಬರೆದರು. ಅಲ್ಲಿಯವರೆಗೆ ಯಾವ ನಕ್ಷೆಯಲ್ಲೂ ಇರದಿದ್ದ ಎಸ್ಕಲಾಂಟೆ ನದಿಯನ್ನು 1872ರಲ್ಲಿ ಗುರುತಿಸಿದ್ದು ಈ ತಂಡವೇ.

ಇಷ್ಟು ವರ್ಷಗಳ ಅಳತೆಯಿಂದ ಹುಟ್ಟಿದ್ದು 1878ರಲ್ಲಿ ಪ್ರಕಟವಾದ, ಒಣ ಪ್ರದೇಶದ ಭೂಮಿಗಳನ್ನು ಕುರಿತ ಅವರ ವರದಿ. ಆಗ ಸರ್ಕಾರ 1862ರ ಕಾಯ್ದೆಯಂತೆ ಪ್ರತಿ ಕುಟುಂಬಕ್ಕೆ 160 ಎಕರೆ ಭೂಮಿ ಕೊಟ್ಟು ಜನರನ್ನು ಪಶ್ಚಿಮಕ್ಕೆ ಕಳುಹಿಸುತ್ತಿತ್ತು. ನೇಗಿಲು ಹೋದ ಕಡೆ ಮಳೆಯೂ ಹಿಂಬಾಲಿಸುತ್ತದೆ ಎಂಬ ನಂಬಿಕೆಯನ್ನು ಭೂವ್ಯಾಪಾರಿಗಳೂ ರೈಲ್ವೆ ಕಂಪನಿಗಳೂ ಹಬ್ಬಿಸುತ್ತಿದ್ದ ಕಾಲ ಅದು. ಪೊವೆಲ್ ಮಳೆಯ ಲೆಕ್ಕ ಮುಂದಿಟ್ಟರು. ಸುಮಾರು 100 ಡಿಗ್ರಿ ಪಶ್ಚಿಮ ರೇಖಾಂಶದಿಂದಾಚೆ ಹೆಚ್ಚಿನ ಕಡೆ ವರ್ಷಕ್ಕೆ 20 ಅಂಗುಲಕ್ಕಿಂತ ಕಡಿಮೆ ಮಳೆ. ಅಲ್ಲಿ ನೀರಾವರಿ ಇಲ್ಲದ ಬೇಸಾಯ ನಂಬಿ ಕೂರುವಂಥದ್ದಲ್ಲ. ಯೂಟಾದಲ್ಲಿ ನೀರು ಹಾಯಿಸಬಹುದಾದ ಭೂಮಿ ಶೇಕಡಾ 3ಕ್ಕಿಂತಲೂ ಕಡಿಮೆ ಎಂದು ಅವರು ತೋರಿಸಿದರು. ನೀರಾವರಿ ಇರುವ ಕಡೆ 80 ಎಕರೆ ಸಾಕು, ಹುಲ್ಲುಗಾವಲಿನ ಕಡೆ 2,560 ಎಕರೆಯಾದರೂ ಬೇಕು, ನೀರಿನ ಹಕ್ಕು ಭೂಮಿಯೊಂದಿಗೇ ಇರಬೇಕು, ರೈತರೇ ಕೂಡಿ ಸಹಕಾರದಿಂದ ಅದನ್ನು ನಿರ್ವಹಿಸಬೇಕು ಎಂಬುದು ಅವರ ಸಲಹೆ.

1881ರಲ್ಲಿ ಪೊವೆಲ್ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಎರಡನೇ ನಿರ್ದೇಶಕರಾದರು. ಇಡೀ ದೇಶದ ಭೂಸ್ವರೂಪ ನಕ್ಷೆ ತಯಾರಿಸುವ ಕೆಲಸಕ್ಕೆ ಚಾಲನೆ ಕೊಟ್ಟರು. 1888ರಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ನೀರಾವರಿ ಸಮೀಕ್ಷೆಯನ್ನೂ ಅವರಿಗೆ ವಹಿಸಿತು. ನದಿಯಲ್ಲಿ ನೀರು ಎಷ್ಟಿದೆ ಎಂದು ತಿಳಿಯದೆ ಯೋಜನೆ ಮಾಡುವುದು ಹೇಗೆ? ಅದಕ್ಕಾಗಿ ನ್ಯೂ ಮೆಕ್ಸಿಕೊದ ಎಂಬುಡೊ ಎಂಬಲ್ಲಿ, ರಿಯೊ ಗ್ರ್ಯಾಂಡ್ ನದಿಯ ಮೇಲೆ, 1889ರಲ್ಲಿ ಆ ಸಂಸ್ಥೆಯ ಮೊದಲ ಹರಿವು ಮಾಪನ ಕೇಂದ್ರ ಆರಂಭವಾಯಿತು. ನದಿಯ ಅಗಲ, ಆಳ, ವೇಗ ಅಳೆದು ಗುಣಿಸಿ ಸೆಕೆಂಡಿಗೆ ಎಷ್ಟು ನೀರು ಹರಿಯುತ್ತದೆಂದು ಕಂಡುಹಿಡಿಯುವುದನ್ನು ಯುವ ಎಂಜಿನಿಯರುಗಳು ಕಲಿತದ್ದು ಅಲ್ಲಿ. ಇಂದು ಅಮೆರಿಕದಲ್ಲಿ ಅಂಥ ಕೇಂದ್ರಗಳು 8,000ಕ್ಕೂ ಹೆಚ್ಚು ಇವೆ. ಇದೇ ಅವಧಿಯಲ್ಲಿ ಪೊವೆಲ್ ಒಣ ಪ್ರದೇಶವನ್ನೆಲ್ಲ ಜಲಾನಯನಗಳಾಗಿ ವಿಂಗಡಿಸಿ ಬಣ್ಣ ತುಂಬಿದ ನಕ್ಷೆಯನ್ನು ಸಿದ್ಧಪಡಿಸಿದರು.

ಸಮೀಕ್ಷೆ ಮುಗಿಯುವವರೆಗೆ ಸರ್ಕಾರಿ ಭೂಮಿಯ ಹಂಚಿಕೆ ನಿಂತುಹೋಯಿತು. ಕಾಯಲು ಯಾರಿಗೂ ತಾಳ್ಮೆ ಇರಲಿಲ್ಲ. ಪಶ್ಚಿಮದ ಸೆನೆಟರುಗಳು ಸಿಡಿದೆದ್ದು 1890ರಲ್ಲಿ ನೀರಾವರಿ ಸಮೀಕ್ಷೆಯ ಹಣ ನಿಲ್ಲಿಸಿದರು. 1893ರಲ್ಲಿ ಲಾಸ್ ಏಂಜಲೀಸ್‌ನ ನೀರಾವರಿ ಸಮ್ಮೇಳನದಲ್ಲಿ, ಇರುವ ಭೂಮಿಗೆಲ್ಲ ಸಾಲುವಷ್ಟು ನೀರು ಈ ನಾಡಿನಲ್ಲಿಲ್ಲ ಎಂದು ಪೊವೆಲ್ ನೇರವಾಗಿ ಹೇಳಿದಾಗ ಸಭೆ ಅವರನ್ನು ಕೂಗಿ ಅಣಕಿಸಿತು. ಮರುವರ್ಷ ಅವರು ನಿರ್ದೇಶಕ ಹುದ್ದೆ ಬಿಟ್ಟರು. 1902ರ ಸೆಪ್ಟೆಂಬರ್ 23ರಂದು ಮೇನ್ ರಾಜ್ಯದಲ್ಲಿ ತೀರಿಕೊಂಡರು.

ಪೊವೆಲ್ ಅವರಿಗೂ ಅವರ ಕಾಲದ ಮಿತಿಗಳಿದ್ದವು. ಮೂಲನಿವಾಸಿಗಳ ಭಾಷೆಗಳನ್ನು ಶ್ರದ್ಧೆಯಿಂದ ದಾಖಲಿಸಿದರೂ, ಅವರು ತಮ್ಮ ಬದುಕಿನ ರೀತಿ ಬಿಟ್ಟು ಬಿಳಿಯರಂತಾಗಬೇಕು ಎಂದೇ ಭಾವಿಸಿದ್ದರು. ನದಿಯ ನೀರನ್ನು ಹೊಲಗಳಿಗೆ ತಿರುಗಿಸುವುದೇ ಅವರ ಗುರಿಯಾಗಿತ್ತು. ಮೀನು, ಹಕ್ಕಿ, ಅಳಿವೆಯ ಕಾಡುಗಳಿಗೆ ಪಾಲು ಬೇಕೆಂಬುದು ಅವರ ಲೆಕ್ಕದಲ್ಲಿರಲಿಲ್ಲ. ಆದರೆ ಅವರು ಬಿಟ್ಟುಹೋದ ಕ್ರಮ, ಎಂದರೆ ಮೊದಲು ಅಳತೆ ಆಮೇಲೆ ತೀರ್ಮಾನ, ಆ ಜೀವಿಗಳ ರಕ್ಷಣೆಗೂ ಆಸರೆಯಾಯಿತು.

ಅಳತೆಯನ್ನು ಕಡೆಗಣಿಸಿದ್ದರ ಬೆಲೆ ಏನೆಂಬುದಕ್ಕೆ ಕೊಲರಾಡೊ ನದಿಯೇ ಸಾಕ್ಷಿ. 1922ರ ಒಪ್ಪಂದದಲ್ಲಿ ಏಳು ರಾಜ್ಯಗಳು ಅದರ ನೀರನ್ನು ಹಂಚಿಕೊಂಡವು. ಮೂಲನಿವಾಸಿಗಳನ್ನು ಮಾತುಕತೆಗೆ ಕರೆಯಲೇ ಇಲ್ಲ. 1944ರಲ್ಲಿ ಮೆಕ್ಸಿಕೊ ದೇಶದ ಪಾಲೂ ಸೇರಿತು. ನಮಗೆ ಪರಿಚಿತವಾದ ಲೆಕ್ಕದಲ್ಲಿ ಹೇಳುವುದಾದರೆ ಒಟ್ಟು ಹಂಚಿಕೆ ಸುಮಾರು 720 ಟಿಎಂಸಿ. ಆದರೆ ಒಪ್ಪಂದಕ್ಕೆ ಹಿಂದಿನ ವರ್ಷಗಳಲ್ಲಿ ಮಳೆ, ಹಿಮ ವಾಡಿಕೆಗಿಂತ ಹೆಚ್ಚಾಗಿದ್ದವು ಎಂಬುದು ಹಳೆಯ ಮರಗಳ ವಾರ್ಷಿಕ ಉಂಗುರಗಳ ಅಧ್ಯಯನದಿಂದ ಮುಂದೆ ತಿಳಿಯಿತು. 2000ರ ನಂತರ ನದಿಯ ಸಹಜ ಹರಿವು ಸರಾಸರಿ ಸುಮಾರು 540 ಟಿಎಂಸಿಗೆ ಇಳಿದಿದೆ. ಇಲ್ಲದ ನೀರನ್ನು ಹಂಚಿದ ಫಲವಾಗಿ ಹೆಚ್ಚಿನ ವರ್ಷಗಳಲ್ಲಿ ನದಿ ಸಮುದ್ರ ಮುಟ್ಟುವುದೇ ಇಲ್ಲ. ಮೆಕ್ಸಿಕೊದಲ್ಲಿದ್ದ ವಿಶಾಲವಾದ ನದೀಮುಖಜ ಭೂಮಿ ಬಹುಪಾಲು ಒಣಗಿಹೋಗಿದೆ.

ಅಲ್ಲಿಯೇ ಪೊವೆಲ್ ಅವರ ದಾರಿ ಮತ್ತೆ ಫಲ ಕೊಟ್ಟಿತು. 2014ರ ವಸಂತದಲ್ಲಿ ಎರಡೂ ದೇಶಗಳು ಒಪ್ಪಿ ಎಂಟು ವಾರ ಕಾಲ ಸುಮಾರು ನಾಲ್ಕೂವರೆ ಟಿಎಂಸಿ ನೀರನ್ನು ಒಣಗಿದ ಪಾತ್ರಕ್ಕೆ ಬಿಟ್ಟವು. ವಿಜ್ಞಾನಿಗಳು ಅಂತರ್ಜಲದ ಮಟ್ಟ, ಮೊಳೆತ ಸಸಿಗಳು, ಹಕ್ಕಿಗಳ ಸಂಖ್ಯೆ ಎಲ್ಲವನ್ನೂ ಅಳೆದರು. ನದಿಯುದ್ದಕ್ಕೂ ಹಸಿರು ಹೆಚ್ಚಿದ್ದು ಉಪಗ್ರಹ ಚಿತ್ರಗಳಲ್ಲಿ ಕಂಡಿತು. ನೀರಿನ ಬಹುಪಾಲು ಮೇಲ್ಭಾಗದ ಒಣ ಮರಳಿನಲ್ಲೇ ಇಂಗಿಹೋಯಿತು ಎಂಬುದೂ ಗೊತ್ತಾಯಿತು. ಹಾಗಾಗಿ 2021ರಲ್ಲಿ ನೀರು ಬಿಡುವಾಗ ಆ ಒಣ ಭಾಗವನ್ನು ತಪ್ಪಿಸಿ, ನೀರಾವರಿ ಕಾಲುವೆಗಳ ಮೂಲಕ ಕಾಡು ಬೆಳೆಸುತ್ತಿರುವ ತಾಣಗಳಿಗೇ ನೇರವಾಗಿ ತಲುಪಿಸಿದರು. ಮೊದಲಿಗಿಂತ ಕಡಿಮೆ ನೀರನ್ನು ಬೇಕಾದ ಜಾಗಕ್ಕೇ ಮುಟ್ಟಿಸಲು ದಾರಿ ತೋರಿಸಿದ್ದು ನಕ್ಷೆ ಮತ್ತು ಅಂಕಿಅಂಶ.

ಹರಿಯುವ ಹೊಳೆಯ ಬಳಿ ವುಝೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂಬ ಪ್ರವಾದಿ ಮುಹಮ್ಮದ್ (ಸ) ಅವರ ಬೋಧನೆಯನ್ನು ನಮ್ಮಲ್ಲಿ ಅನೇಕರು ಬಾಲ್ಯದಿಂದಲೇ ಕೇಳಿದ್ದೇವೆ. ಮಿತವಾಗಿ ಬಳಸಬೇಕಾದರೆ ಇರುವುದೆಷ್ಟು ಎಂಬ ಅರಿವೂ ಬೇಕು. ಪ್ರಿಯ ವಿದ್ಯಾರ್ಥಿಗಳೇ, ಪ್ರಯೋಗಾಲಯದಲ್ಲಿ ಪಾದರಸದ ಮಟ್ಟ ಬರೆದುಕೊಳ್ಳುವಾಗ, ಭೂಗೋಳದ ತರಗತಿಯಲ್ಲಿ ಸಮೋನ್ನತಿ ರೇಖೆಗಳನ್ನು ಎಳೆಯುವಾಗ ಇದು ಅಂಕಕ್ಕಾಗಿ ಮಾತ್ರ ಮಾಡುವ ಕೆಲಸ ಎಂದು ಅಂದುಕೊಳ್ಳಬೇಡಿ. ಜನರಿಗೆ ಇಷ್ಟವಾಗದ ಸತ್ಯವನ್ನು ಸಭೆಯಲ್ಲಿ ನಿಂತು ಹೇಳಲು ಪೊವೆಲ್ ಅವರಿಗೆ ಧೈರ್ಯ ಬಂದದ್ದು ಅಂಥ ಅಳತೆಗಳಿಂದಲೇ.